ಎಡಬದಿಯ ಕಿಡ್ನಿ

ದೇರೆಬೈಲ್, ಮಂಗಳೂರು
18 ಜನವರಿ 2025

ನನ್ನ ಮರ್ವಾ,

ಅಸ್ಸಲಾಮು ಅಲೈಕುಂ. ನೀನೂ ಅಳಿಯನೂ ಸೌಖ್ಯವಾಗಿರಿ ಎಂಬುದೇ ನನ್ನ ದುವಾ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ದುಬೈಗೆ ಹೊರಟ ನಿನ್ನ ಹಿಶಾಮ್ ಮಾಮನ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ. ಕೂತು ಓದು.

ನಿನ್ನ ಉಪ್ಪನಿಗೆ ಕಿಡ್ನಿ ಸಿಕ್ಕಿತು. ಕೊಟ್ಟವಳು ನಾನು.

ಕೊಡಲು ನೀನು ಬರುವವಳಿದ್ದೆ, ನನಗೆ ಹೇಳಬಾರದೆಂದು ಮಾಮನಿಂದ ನೀನು ಮಾತು ತೆಗೆದುಕೊಂಡಿದ್ದೆ. ಪಾಪ, ಅವನ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಮದುವೆಯಾಗಿ ವರ್ಷ ತುಂಬದ ಮಗಳನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಲು ನನ್ನಿಂದಾಗದು. ಮರುದಿನವೇ ರಿಕ್ಷಾ ಹಿಡಿದು ಪಡೀಲ್‌ಗೆ ಹೋದೆ. ನೀನು ಶಾಲೆಗೆ ಹೋಗುತ್ತಿದ್ದಾಗ ನಮ್ಮನ್ನು ಬಿಟ್ಟು ನಿನ್ನ ಉಪ್ಪ ಮಾಡಿಕೊಂಡ ಮನೆಯ ಮೆಟ್ಟಿಲನ್ನು ಮೊದಲ ಬಾರಿ ಹತ್ತಿದೆ.

ಅವರ ಮುಖ ಊದಿಕೊಂಡಿತ್ತು. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಕೈ ಗಂಟುಗಂಟಾಗಿತ್ತು. ನಾನು ಬಂದ ವಿಷಯ ಹೇಳಿದಾಗ ಅವರು ಗೋಡೆಯ ಕಡೆಗೆ ತಿರುಗಿದರು.

"ಬೇಡ ಹಲೀಮಾ. ನಿನ್ನನ್ನು ಕೊಯ್ಯಿಸಿ ನನಗೆ ಬದುಕುವುದು ಬೇಡ."

"ಹಾಗಾದರೆ ಮರ್ವಾಳನ್ನು ಕೊಯ್ಯಿಸ್ತೀರಾ?" ಎಂದೆ.

ನಿನ್ನ ಯೋಚನೆ ಅವರಿಗೂ ತಿಳಿದಿರಲಿಲ್ಲ. ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ.

ಕೊಡಿಯಾಲ್‌ಬೈಲ್‌ನ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಗಂಡನ ಜೊತೆ ಇದ್ದೀರಾ ಎಂದು ಅಂಗದಾನಕ್ಕೆ ಒಪ್ಪಿಗೆ ಕೊಡುವ ಸಮಿತಿಯವರು ಕೇಳಿದರು. "ಇಲ್ಲ, ಆದರೆ ತಲಾಖ್ ಆಗಲಿಲ್ಲ" ಎಂದೆ. ಯಾರ ಒತ್ತಾಯವೂ ಇಲ್ಲವೇ ಎಂದು ಬಿಡಿಸಿ ಬಿಡಿಸಿ ಕೇಳಿದ ಮೇಲೆಯೇ ಒಪ್ಪಿದರು.

ಡಾಕ್ಟರ್ ಪ್ರಣೀತಾ ನನಗೆ ಧೈರ್ಯ ತುಂಬಿದರು. "ಈಗ ಮೊದಲಿನ ಹಾಗೆ ಪಕ್ಕೆ ಉದ್ದಕ್ಕೆ ಕೊಯ್ಯಲಿಕ್ಕಿಲ್ಲ ಅಮ್ಮ. ಸಣ್ಣ ತೂತುಗಳಲ್ಲಿ ಕ್ಯಾಮೆರಾ ಹಾಕಿ ಎಡಬದಿಯ ಕಿಡ್ನಿ ಬಿಡಿಸ್ತೇವೆ. ಹೊರಗೆ ತೆಗೆಯಲಿಕ್ಕೆ ಮಾತ್ರ ಸ್ವಲ್ಪ ಜಾಗ ಬೇಕು. ನಿಮ್ಮ ಸಿಸೇರಿಯನ್ ಗೆರೆ ಉಂಟಲ್ಲ, ಅಲ್ಲೇ ಆಗ್ತದೆ." ನೀನು ಹೊರಬಂದ ದಾರಿಯಲ್ಲೇ ಅದೂ ಹೊರಬಂತು, ಮಗಳೇ.

ಆಪರೇಷನ್ ಆದ ಮರುದಿನ ನಾನು ಗೋಡೆ ಹಿಡಿದು ನಡೆದೆ. ಆದರೆ ಅವರಲ್ಲಿ ನನ್ನ ಕಿಡ್ನಿ ಕೆಲಸ ಶುರುಮಾಡಲಿಲ್ಲ. ಮೂತ್ರ ಇಳಿಯಲಿಲ್ಲ, ಪುನಃ ಡಯಾಲಿಸಿಸ್ ಮಾಡಿದರು. ಕೆಲವೊಮ್ಮೆ ಹೀಗೆ ತಡವಾಗ್ತದೆ, ಕಾಯುವ ಎಂದರು ಡಾಕ್ಟರ್. ನಾನು ಊಟ ಮುಟ್ಟಲಿಲ್ಲ. ಒಂದು ಬೆಳಗ್ಗೆ ನರ್ಸ್ ಎವ್ಲಿನ್ ಓಡಿಬಂದು ನನ್ನ ಭುಜ ಹಿಡಿದು "ಬರ್ತಾ ಉಂಟು ಅಮ್ಮ, ಚೆನ್ನಾಗಿ ಬರ್ತಾ ಉಂಟು" ಎಂದಳು.

ಈಗ ಅವರು ಪಡೀಲ್‌ನಲ್ಲೇ ಇದ್ದಾರೆ. ನಾನು ಇಲ್ಲಿಗೆ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಕಿಡ್ನಿ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ತಿಳಿಯಬೇಡ. ನಿನ್ನನ್ನು ಉಳಿಸಿಕೊಳ್ಳಲು ಕೊಟ್ಟೆ, ಅಷ್ಟೇ. ಕೋಪ ಇಳಿದ ಮೇಲೆ ಫೋನ್ ಮಾಡು.

ನಿನ್ನ ಉಮ್ಮ,
ಹಲೀಮಾ

ಮರೆತ ಮಾತು: ನಿನಗೋಸ್ಕರ ಕೊಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ, ಸುಳ್ಳಲ್ಲ. ಆದರೆ ಎವ್ಲಿನ್ ಹಾಗೆ ಹೇಳಿದಾಗ ನನಗೆ ನಿನ್ನ ನೆನಪೇ ಬರಲಿಲ್ಲ. ಅವರು ಉಳಿದರಲ್ಲ ಎಂದು ಹಾಸಿಗೆಯ ಅಂಚು ಹಿಡಿದು ಅತ್ತೆ. ಉಪ್ಪನಿಗೆ ಇದನ್ನು ಹೇಳಬೇಡ.