ತುಳಸಮ್ಮನ ಅಡುಗೆಮನೆಯಲ್ಲಿ ಕೊಲಾಜೆನ್

ಫೆಬ್ರುವರಿ 12, ಬೆಳಿಗ್ಗೆ 7
ಹಾಲು ಬಂತು. ಬೆಳ್ಳಿ ಲೋಟ, ಎರಡು ಚಮಚ ಪುಡಿ. ಹೆಂಡತಿ ತುಳಸಮ್ಮ ಮಡಿಯಲ್ಲೇ ಕಲಸಿ ಕೊಟ್ಟಳು. ಕಾಲು ಇನ್ನೂ ಆಸ್ಪತ್ರೆಯವರು ಹಾಕಿದ ಬೂಟಿನೊಳಗೆ. ಅರವತ್ತಮೂರಕ್ಕೆ ಶಟಲ್ ಆಡಲು ಹೋಗಿ ಹಿಮ್ಮಡಿಯ ಸ್ನಾಯುರಜ್ಜು ಕಡಿದುಕೊಂಡವನಿಗೆ ಇಷ್ಟು ಉಪಚಾರ! ಪುಡಿ ನಾನೇ ಫೋನಿನಲ್ಲಿ ತರಿಸಿದ್ದು. ಕೊಲಾಜೆನ್. ರಜ್ಜು ಆಗಿರುವುದೇ ಆ ಪ್ರೋಟೀನಿನಿಂದ. ಅದನ್ನೇ ಕುಡಿದರೆ ಬೇಗ ಕೂಡೀತು...

ಫೆಬ್ರುವರಿ 27
ಬೂಟು ಕಳಚಿತು. ಕೋಲು ಊರಿಕೊಂಡು ಗಾಂಧಿ ಬಜಾರ್ ಮೂಲೆಯವರೆಗೆ. ಬಲು ಖುಷಿ. ತುಳಸಮ್ಮನೂ ಮಂಡಿನೋವಿಗೆಂದು ದಿನಾ ಒಂದು ಚಮಚ ಶುರುಮಾಡಿದ್ದಾಳೆ.
“ಮಂಡಿ ಹಗುರಾಯ್ತು ಕಣ್ರೀ. ಇನ್ನೊಂದು ಡಬ್ಬ ತರಿಸಿ.”
ಹೋಟೆಲ್ ಕಾಫಿಯನ್ನೂ ಮುಟ್ಟದವಳು. ನಾನು ಕೊಟ್ಟದ್ದು ಎಂದು ಕುಡಿಯುತ್ತಾಳೆ.

ಮಾರ್ಚ್ 21, ಮಧ್ಯಾಹ್ನ
ಫಿಸಿಯೋ ಧೃತಿ ಬಂದಿದ್ದಳು. ಡಬ್ಬ ನೋಡಿ, “ಸರ್, ನೀವು ಮೀನು ತಿಂತೀರಾ?” ಎಂದಳು. ಪುಣ್ಯಕ್ಕೆ ತುಳಸಮ್ಮ ಹಿತ್ತಲಲ್ಲಿದ್ದಳು.
ಕನ್ನಡಕ ಹಾಕಿ ಓದಿದೆ. ಇರುವೆ ಗಾತ್ರದ ಅಕ್ಷರ. ಮೀನಿನ ಚರ್ಮದಿಂದ ತೆಗೆದದ್ದು.
ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟ ವಾದಿರಾಜ ಮೇಷ್ಟ್ರು ನಾನು! ಗಿಡದಲ್ಲಿ ಕೊಲಾಜೆನ್ ಇಲ್ಲ, ಪ್ರಾಣಿಯಲ್ಲಿ ಮಾತ್ರ — ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.
“ಕುಡಿದಿದ್ದು ಸೀದಾ ಕಾಲಿಗೆ ಹೋಗಲ್ಲ ಸರ್,” ಎಂದಳು ಧೃತಿ. “ಹೊಟ್ಟೇಲಿ ಚೂರುಚೂರಾಗತ್ತೆ. ನಾರು ನಿಮ್ಮ ಜೀವಕೋಶಗಳೇ ನೇಯ್ಬೇಕು. ಅದಕ್ಕೆ ಬೇಳೆ, ಹಾಲು, ನೆಲ್ಲಿಕಾಯಿ ಸಾಕು. ಮೊದಲು ಅಡ್ಡಾದಿಡ್ಡಿ ನೇಯತ್ವೆ. ಸ್ವಲ್ಪಸ್ವಲ್ಪ ಭಾರ ಹಾಕ್ತಾ ಹೋದ್ರೆ ಸಾಲಾಗಿ ನಿಂತು ಗಟ್ಟಿಯಾಗತ್ತೆ. ಎಕ್ಸರ್‌ಸೈಜ್ ಬಿಡ್ಬೇಡಿ.”
ಡಬ್ಬ ಕಸಕ್ಕೆ. ತುಳಸಮ್ಮನಿಗೆ ಹೇಳುವುದೇ? ಹೇಳದಿದ್ದರೆ ತಿಳಿಯುವುದಿಲ್ಲ. ಹೇಳಿದರೆ ನನ್ನ ಕೈಯಿಂದ ಇನ್ನೇನನ್ನೂ ತೆಗೆದುಕೊಳ್ಳುವುದಿಲ್ಲವೇನೋ. ನಿಜವಾಗಿ ಭಯವಾಗಿದೆ.

ಮಾರ್ಚ್ 22
“ಪುಡಿ ಡಬ್ಬ ಎಲ್ರೀ?”
ಹೇಳಿಬಿಟ್ಟೆ. ಬೆಳ್ಳಿ ಲೋಟಕ್ಕೆ ಬೂದಿ ಹಚ್ಚಿ ಮುಕ್ಕಾಲು ಗಂಟೆ ಉಜ್ಜಿದಳು.

ಮಾರ್ಚ್ 26, ಏಕಾದಶಿ
ಮಾತಿಲ್ಲ. ನಾಲ್ಕು ದಿನವಾಯಿತು. ಪೂಜೆ ಮುಗಿಸಿ ನಾನು ಕಾದರೂ ಬರುವುದಿಲ್ಲ, ಆಮೇಲೆ ಬಂದು ತನ್ನ ಕೈಯಿಂದಲೇ ತೀರ್ಥ ಹಾಕಿಕೊಳ್ಳುತ್ತಾಳೆ. ಮದುವೆಯಾದಂದಿನಿಂದ ಹೀಗಾದದ್ದಿಲ್ಲ. ಸಂಕಟ.
ನನ್ನ ಏಕಾದಶಿ ಎಂದರೆ ಅವಲಕ್ಕಿ ಉಪ್ಪಿಟ್ಟು. ಇವತ್ತು ಅದೂ ಬೇಡ ಎಂದೆ. ಅವಳ ಹಾಗೆ ನಿಟ್ಟುಪವಾಸ. ನೋಡಿದಳು, ನೋಡದ ಹಾಗೆ.

ಮಾರ್ಚ್ 27, ಬೆಳಿಗ್ಗೆ 7.15
ದ್ವಾದಶಿ. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿದೆ. ಹತ್ತು ಸಲ. ರಜ್ಜು ತಡೆದುಕೊಂಡಿತು. ಹೊಟ್ಟೆ ಮಾತ್ರ ಬೆನ್ನಿಗೆ ಅಂಟಿತ್ತು.
ಪೂಜೆ ಮುಗಿಸಿ ತಿರುಗಿದರೆ ತುಳಸಮ್ಮ ನಿಂತಿದ್ದಾಳೆ. ಕೈ ಚಾಚಿದ್ದಾಳೆ. ಅವಸರದಲ್ಲಿ ಉದ್ಧರಣೆ ವಾಲಿ ಅರ್ಧ ತೀರ್ಥ ನೆಲಕ್ಕೆ.
“ನಿಧಾನ ರೀ. ಇದ್ರಲ್ಲಾದ್ರೂ ಏನಿದೆ ಅಂತ ಓದಿದೀರಾ?”
ನನಗೆ ನಗುವೂ ಅಳುವೂ ಒಟ್ಟಿಗೆ. ಎಲೆ ಹಾಕಿಯಾಯಿತಂತೆ, ಕೂಗುತ್ತಿದ್ದಾಳೆ. ಬರೆಯುವುದು ಇನ್ನೂ...