ಕೇಲ್ ಸೊಪ್ಪು ಇವತ್ತಿನಿಂದ ನನ್ನ ತಟ್ಟೆಗೆ

ರೈಂಡರ್,

ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಮತ್ತೆ ರಕ್ತ ಬಂತು. ಗಾಬರಿಯಾಗಬೇಡ, ರಕ್ತ ಪರೀಕ್ಷೆಗೆ ಬೆರಳು ಚುಚ್ಚಿಸಿಕೊಂಡು ಬರಲು ಹೊರಟಿದ್ದೇನೆ. "ಊಟ ಏನಾದ್ರೂ ಬದಲಾಯ್ತಾ?" ಎಂದು ನರ್ಸ್ ಫೋನಿನಲ್ಲಿ ಕೇಳಿದಳು. "ಮೂರು ವಾರದಿಂದ ನನ್ನ ಗಂಡ ಕೇಲ್ ಸೊಪ್ಪು ಮುಟ್ಟೋಕೇ ಬಿಡ್ತಿಲ್ಲ" ಅಂದೆ. ಮೊದಲು ನಕ್ಕಳು, ಆಮೇಲೆ ತಮ್ಮನ್ನು ಕೇಳದೆ ಊಟ ಬದಲಿಸಿದ್ದಕ್ಕೆ ಬೈದಳು.

ಹೃದಯಕ್ಕೆ ಲೋಹದ ಕವಾಟ ಕೂರಿಸಿದ ಮೇಲೆ ಕೊಟ್ಟ ಮಾತ್ರೆ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಡೆಯುತ್ತದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಪ್ರೋಟೀನುಗಳ ಪಕ್ಷ. ನೀನು ಓದಿದ್ದು ಇಷ್ಟೇ. ಆದರೆ ನನ್ನ ಮಾತ್ರೆಯ ಅಳತೆ ಗೊತ್ತುಮಾಡಿದ್ದು ದಿನಾ ಸೊಪ್ಪು ತಿನ್ನುವ ಹೆಂಗಸಿಗೆ. ನೀನು ಸೊಪ್ಪು ನಿಲ್ಲಿಸಿದೆ, ಮಾತ್ರೆ ಅಷ್ಟೇ ಉಳಿಯಿತು. ರಕ್ತ ತೀರಾ ತೆಳ್ಳಗಾಯಿತು.

ಆಸ್ಪತ್ರೆಯ ಕುರ್ಚಿಯಲ್ಲಿ ನೀನು ಹನ್ನೊಂದು ದಿನ ನನ್ನ ಪಕ್ಕದಲ್ಲೇ ಕೂತಿದ್ದನ್ನು ನಾನು ಮರೆತಿಲ್ಲ. ಆದರೂ ತಟ್ಟೆ ನನ್ನದು.

ಹಿತ್ತಲಲ್ಲಿ ಮೊದಲ ಮಂಜು ಹೆಪ್ಪುಗಟ್ಟಿದೆ, ಆ ಚಳಿ ತಗುಲಿ ಸೊಪ್ಪು ಈಗ ಸಿಹಿಯಾಗಿರುತ್ತದೆ. ಆಲೂಗಡ್ಡೆ ಬೇಯಲು ಇಡು. ಎಷ್ಟು ತಿನ್ನಬೇಕೆಂದು ನರ್ಸನ್ನು ಕೇಳಿ ಬರುತ್ತೇನೆ, ನಿನ್ನನ್ನಲ್ಲ. ನಾನು ಬರುವಷ್ಟರಲ್ಲಿ ಸೊಪ್ಪು ಕೊಯ್ದಿರದಿದ್ದರೆ ಸಣ್ಣ ಗಾಯಕ್ಕೂ ರಕ್ತ ನಿಲ್ಲದ ಈ ಕೈಯಲ್ಲೇ ಚಾಕು ಹಿಡಿದು ನಾನೇ ಹಿತ್ತಲಿಗೆ ಇಳಿಯುತ್ತೇನೆ. ಆಗ ನೀನು ನೋಡುತ್ತಾ ನಿಲ್ಲು.

ಫ್ರೌಕೆ