ಎಡಗೈಯ ಸುತ್ತು

ಕುಂಬಳೆ
೫ ಸೆಪ್ಟೆಂಬರ್ ೨೦೦೪, ಭಾನುವಾರ

ವಿದ್ಯಾನಗರದ ಬಾಡಿಗೆ ಮನೆಯ ಸರ್ವಾಧಿಕಾರಿಣಿಯೂ ನನ್ನ ಒಬ್ಬಳೇ ಅಕ್ಕನೂ ಆದ ಗ್ಲೋರಿಯಾಳ ಸನ್ನಿಧಾನಕ್ಕೆ,

ತಮ್ಮ ಕೀತ್ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ವಾರ ನಿಮ್ಮ ಹಿತ್ತಲಿನ ಹಗ್ಗದಿಂದ ಕಾಣೆಯಾದ ಭಾವನ ನೀಲಿ ಗೆರೆಯ ಅಂಗಿ ಜೀವಂತವಾಗಿದೆ. ಸಣ್ಣ ಗಾಯವಾಗಿತ್ತು, ಈಗ ಗುಣವಾಗಿದೆ. ನೀನು ಪಕ್ಕದ ಮನೆಯ ನಾಯಿಯ ಮೇಲೆ ಆರೋಪ ಹೊರಿಸಿದ್ದೀಯೆಂದು ಬಸ್ ಕಂಡಕ್ಟರ್ ಕುಂಞ ಹೇಳಿದ. ಅದನ್ನು ಕೂಡಲೇ ಹಿಂತೆಗೆದುಕೊಳ್ಳತಕ್ಕದ್ದು. ನಾಯಿ ನಿರಪರಾಧಿ. ನಾನು ನಿನ್ನ ಕೈಯ ಚಹಾ ಕುಡಿದು ಹೊರಟಾಗ ಆ ಅಂಗಿ ನನ್ನ ಅಂಗಿಯ ಒಳಗೆ ಹೊಟ್ಟೆಗೆ ಸುತ್ತಿಕೊಂಡಿತ್ತು. “ಸ್ವಲ್ಪ ದಪ್ಪ ಆಗಿದ್ದಿ, ಒಳ್ಳೆದಾಯ್ತು” ಎಂದು ನೀನೇ ಬೆನ್ನು ತಟ್ಟಿ ಕಳುಹಿಸಿದೆ.

ಭಾವ ಸಿವಿಲ್ ಸ್ಟೇಶನ್ನಿನ ಗುಮಾಸ್ತರು, ಇಂಥ ಭಾಷೆ ಅವರಿಗೆ ಅನ್ನ ಇದ್ದ ಹಾಗೆ. ನಿನಗೆ ಬಿಡಿಸಿ ಹೇಳುತ್ತೇನೆ.

ಕಳೆದ ಕ್ರಿಸ್ಮಸಿಗೆ ನೀನು ತಿಂಡಿ ಡಬ್ಬಿ ಹಿಡಿದು ಬಂದದ್ದು, ಪಪ್ಪ ಮನೆ ಮುಂಭಾಗದ ಹೊಲಿಗೆ ಅಂಗಡಿಯ ಶಟರ್ ಅರ್ಧ ಎಳೆದು ಹಿಂದಿನ ಬಾಗಿಲಿನಿಂದ ತೋಟಕ್ಕೆ ಇಳಿದದ್ದು, ನೀನು ಮೆಟ್ಟಿಲ ಮೇಲೆ ಡಬ್ಬಿ ಇಟ್ಟು ತಿರುಗಿದ್ದು ನನಗೆ ಮರೆತಿಲ್ಲ. ಪಪ್ಪನೇ ಕರೆಯದೆ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ನೀನು ಶಪಥ ಮಾಡಿದೆ. ಪಪ್ಪ ಕರೆಯುವ ಜಾತಿಯವರಲ್ಲ. ನೀವಿಬ್ಬರೂ ಒಂದೇ ಥಾನಿನ ಬಟ್ಟೆ. ನಡುವೆ ಸಿಕ್ಕಿದ್ದು ನಾನು ಮತ್ತು ಆ ಡಬ್ಬಿ. (ಡಬ್ಬಿಯ ವಿಷಯ ಹೆಚ್ಚು ವಿಚಾರಿಸಬೇಡ. ಹಾಳಾಗಲಿಲ್ಲ ಎಂದಷ್ಟೇ ತಿಳಿ.)

ನೀನು ರಿಜಿಸ್ಟ್ರಾರರ ಮುಂದೆ ಸಹಿ ಹಾಕಿದಾಗ ಊರವರು ಎತ್ತಿದ್ದು ಇಗರ್ಜಿ ಮತ್ತು ದೇವಸ್ಥಾನದ ವಿಷಯ. ಪಪ್ಪ ಎತ್ತಿದ್ದು ಅಂಗಿಯ ವಿಷಯ ಒಂದೇ. “ಕುಂಬಳೆಯ ಅರ್ಧ ಮದುಮಗಂದಿರು ನನ್ನ ಕೈಯ ಅಂಗಿ ಹಾಕಿದವರು. ನನ್ನ ಅಳಿಯ ರೆಡಿಮೇಡಿನಲ್ಲಿ ಮದುವೆ ಆದ!” ಇದನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಮದುವೆಯ ವಿಷಯ ಮೊದಲೇ ಹೇಳಿದ್ದರೆ ಅಳತೆ ತೆಗೆಯುತ್ತಿದ್ದೆ ಎಂಬ ಮಾತು ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು.

ಅದಕ್ಕೇ ನನ್ನ ಘನವಾದ ಯೋಜನೆ ಹುಟ್ಟಿದ್ದು. ಸೋಮವಾರ ಬೆಳಿಗ್ಗೆ ಭಾವನ ಅಂಗಿಯ ಎರಡನೇ ಬಟನನ್ನು ಕತ್ತರಿಸಿ ತೆಗೆದು, ಅಂಗಿಯನ್ನು ರಿಪೇರಿಯ ರಾಶಿಯ ನಡುವೆ ತುರುಕಿದೆ. ಪಪ್ಪ ಗೊತ್ತಿಲ್ಲದೆ ಬಟನ್ ಹಾಕಬೇಕು. ಹಾಕಿ ಮುಗಿದ ಕ್ಷಣ ನಾನು ಎದ್ದು ನಿಂತು, “ಸೆಬಾಸ್ಟಿಯನ್ ಟೈಲರ್ ಅವರೇ, ತಾವು ಈಗಷ್ಟೇ ತಮ್ಮ ಅಳಿಯನಿಗೆ ಹೊಲಿದುಕೊಟ್ಟಿದ್ದೀರಿ” ಎಂದು ಘೋಷಿಸಬೇಕು. ಆಮೇಲೆ ಓಡಬೇಕು. ಓಡುವ ದಾರಿಯಲ್ಲಿದ್ದ ಬಕೆಟನ್ನು ಮೊದಲೇ ಸರಿಸಿಟ್ಟಿದ್ದೆ.

ಪಪ್ಪ ಅಂಗಿಯನ್ನು ಎತ್ತಿ ನೋಡಿದರು. “ಇದು ಯಾರದ್ದಾ?”

“ಗೌರೀಶಂಕರ ಮಾಸ್ಟ್ರದ್ದು.”

“ಮಾಸ್ಟ್ರ ಒಂದು ತೋಳು ಹೋಗ್ಲಿಕ್ಕಿಲ್ಲ ಇದರ ಒಳಗೆ.”

ಹೆಸರು ಆರಿಸುವಾಗ ಹೊಟ್ಟೆಯ ಸುತ್ತಳತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಸಪೂರ ಆಗಿದ್ದಾರಂತೆ, ಶುಗರಂತೆ ಎಂದು ಏನೇನೋ ಹೇಳಿದೆ. ಪಪ್ಪ ಕೇಳುತ್ತಿರಲಿಲ್ಲ. ಬಟನ್ ಹೋದ ಜಾಗವನ್ನು ಬೆರಳಲ್ಲಿ ಸವರಿ, “ತಾನಾಗಿ ಬಿದ್ದರೆ ನೂಲು ಸವೆದಿರ್ತದೆ. ಇದು ಕತ್ತರಿ ಕೆಲಸ” ಅಂದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಸಂತ ಅಂತೋನಿಯವರನ್ನು ಭಕ್ತಿಯಿಂದ ನೋಡಿದೆ.

ಆಮೇಲೆ ಪಪ್ಪ ಕೆಳಗಿನ ಬಟನನ್ನು ಓರೆ ಮಾಡಿ, ಅದರ ಅಡಿಯ ನೂಲು ನೋಡಿದರು. ನೋಡಿದವರು ನೋಡುತ್ತಲೇ ಉಳಿದರು.

ಅವರ ಪದ್ಧತಿ ನಿನಗೇ ಗೊತ್ತು. ಎರಡೆಳೆ ನೂಲಿಗೆ ಮೇಣದ ಬತ್ತಿ ತಿಕ್ಕಬೇಕು. ಬಟನಿನ ಮೇಲೆ ಬೆಂಕಿಕಡ್ಡಿ ಅಡ್ಡ ಇಟ್ಟು ಹೊಲಿಯಬೇಕು. ಆಮೇಲೆ ಕಡ್ಡಿ ಎಳೆದು, ಸಡಿಲಾದ ನೂಲಿನಿಂದ ಬಟನಿನ ಕೆಳಗೆ ಕುತ್ತಿಗೆಯ ಹಾಗೆ ಬಿಗಿಯಾಗಿ ಸುತ್ತಿ, ಕೊನೆಯನ್ನು ಆ ಕುತ್ತಿಗೆಯೊಳಗೇ ಅಡಗಿಸಬೇಕು. ಕುಂಬಳೆಯಲ್ಲಿ ಬೇರೆ ಯಾರಿಗೂ ಇಷ್ಟು ತಾಳ್ಮೆ ಇಲ್ಲ. ನಾವೆಲ್ಲ ಒಂದೇ ಕಡೆಗೆ ಸುತ್ತುತ್ತೇವೆ. ನೀನು ಎಡಗೈಯವಳು, ನಿನ್ನ ಸುತ್ತು ಮಾತ್ರ ಉಲ್ಟಾ. ಆ ಬಟನಿನ ಅಡಿಯ ಸುತ್ತೂ ಉಲ್ಟಾ ಇತ್ತು. ರೆಡಿಮೇಡ್ ಅಂಗಿಯ ಬಟನ್‌ಗಳನ್ನು ನೀನು ಒಂದೊಂದಾಗಿ ಬಿಚ್ಚಿ ಹೊಸತಾಗಿ ಹಾಕಿದ್ದೀಯೆಂದು ನನಗೆ ಹೇಗೆ ಗೊತ್ತಿರಬೇಕು ಮಾರಾಯ್ತಿ? ಕಳ್ಳನಿಗೆ ಇಂಥ ಮಾಹಿತಿ ಮೊದಲೇ ಕೊಡಬೇಕು.

ಪಪ್ಪ ಆ ಬಟನನ್ನು ಹಲ್ಲಿನಲ್ಲಿ ಕಚ್ಚಿದರು. ಅದು ಅವರ ಅಂತಿಮ ಪರೀಕ್ಷೆ. ಹಲ್ಲಿನಲ್ಲಿ ಎತ್ತಿದಾಗ ಅಂಗಿ ಪೂರ್ತಿ ಮೇಲೆ ಬಂದರೆ ಪಾಸು. ಅಂಗಿ ಬಂತು. ಅಷ್ಟಕ್ಕೆ ಬಿಡದೆ, ಕೆಳಗಿನಿಂದ ಕೈಯಲ್ಲೂ ಜಗ್ಗಿದರು. ಯಾರ ಮೇಲಿನ ಸಿಟ್ಟೋ, ಇನ್ನೊಮ್ಮೆ ಜಗ್ಗಿದರು. ಟಪ್ ಎಂದಿತು.

ಬಟನ್ ಹೋಯಿತು ಎಂದುಕೊಂಡೆ. ಅಕ್ಕ, ಬಟನ್ ಅಲ್ಲಾಡಲಿಲ್ಲ. ಬಂದದ್ದು ಹಲ್ಲು. ಮಳೆಗಾಲದ ಮೊದಲಿನಿಂದ ಅಲ್ಲಾಡುತ್ತಿದ್ದ ಆ ಎದುರಿನ ಹಲ್ಲು ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದ ಚೂರಿನ ಪಕ್ಕ ಬಿದ್ದಿತ್ತು.

ಒಳಗಿನಿಂದ ಕಾಫಿ ಹಿಡಿದು ಬಂದ ಮಮ್ಮಿ ಕಿರುಚಿದಳು. “ಅಯ್ಯೋ ದೇವಾ, ಬಾಯಲ್ಲಿ ಎಂತ ರಕ್ತ! ಹಲ್ಲು ಎಂತಾಯ್ತು?”

ಪಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು. “ಮಗಳು ಕಿತ್ತಳು.”

ನಿನ್ನ ಮದುವೆಯಾದ ಈ ಒಂದೂವರೆ ವರ್ಷದಲ್ಲಿ ಈ ಮನೆಯಲ್ಲಿ ಅವರ ಬಾಯಿಯಿಂದ ‘ಮಗಳು’ ಎಂಬ ಶಬ್ದ ಬಂದದ್ದು ಅದೇ ಮೊದಲು. ಮಮ್ಮಿ ಕಾಫಿ ಲೋಟವನ್ನು ಇಡಲು ಜಾಗ ಹುಡುಕಿ, ಸಿಗದೆ, ನನ್ನ ಕೈಗೆ ಕೊಟ್ಟು ಕಣ್ಣೊರೆಸಿಕೊಂಡಳು. ಪಪ್ಪ ನಗುತ್ತಿದ್ದರು. ಹಲ್ಲಿಲ್ಲದ ಸಂದಿಯಿಂದ ಗಾಳಿ ಹೊರಟು ನಗುವಿಗೂ ಸೀಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾನು ಓಡುವುದನ್ನೇ ಮರೆತೆ. ಕಾಫಿ ಮಾತ್ರ ಕುಡಿದೆ.

ನನಗೆ ಶಿಕ್ಷೆಯಾಗಿದೆ. ಒಳ್ಳೆಯ ಬಟನನ್ನು ಕತ್ತರಿಸಿದ ಅಪರಾಧಕ್ಕೆ, ಮನೆಯ ಹಳೆಯ ತಲೆದಿಂಬಿನ ಚೀಲಗಳಿಗೆಲ್ಲ ಬಟನ್ ಹೊಲಿಯಬೇಕು. ಪಾಸಾಗದೆ ಬಿಡುಗಡೆ ಇಲ್ಲ, ಪರೀಕ್ಷೆ ಮಾಡಲು ಪಪ್ಪನಿಗೆ ಹಲ್ಲೂ ಇಲ್ಲ. ಆದ್ದರಿಂದ ನಾನೇ ಬರಲಾಗದೆ ಈ ಕಾಗದವನ್ನು ಕುಂಞನ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಈಗ ಮುಖ್ಯ ವಿಷಯ. ಪಪ್ಪ ಎರಡನೇ ಬಟನನ್ನು ತಾವೇ ಹಾಕಿದರು. ನಾನು ಅಂಗಿಯನ್ನು ಮಡಚಿ ಹೊರಟರೆ, “ಎಲ್ಲಿಗೆ?” ಅಂದರು.

“ಕೊಟ್ಟು ಬರ್ತೇನೆ.”

“ಹಾಕಿ ನೋಡದೆ ಅಂಗಿ ಕೊಡುವ ಕ್ರಮ ನಮ್ಮ ಅಂಗಡಿಯಲ್ಲಿ ಉಂಟಾ? ಹಾಕುವವ ಬರ್ಲಿ. ಬುಧವಾರ ಅಂಗಡಿ ಇಲ್ಲ, ನಾನು ಮನೆಯಲ್ಲೇ ಇರ್ತೇನೆ.”

“ಬುಧವಾರ ತೆನೆ ಹಬ್ಬ ಅಲ್ವಾ ಪಪ್ಪ? ಮನೆಯವರೆಲ್ಲ ಒಟ್ಟಿಗೆ ಉಣ್ಣುವ ದಿನ. ಅಂದ್ರೆ ಊಟಕ್ಕೆ ಬರ್ಬೇಕು ಅಂತಲಾ?”

“ನಾನು ಅಂಗಿಯ ವಿಷಯ ಹೇಳಿದ್ದು.”

ಸ್ವಲ್ಪ ಹೊತ್ತು ಬಿಟ್ಟು ಮಮ್ಮಿಯ ಹತ್ತಿರ, ಪಾಯಸಕ್ಕೆ ತೆಂಗಿನಕಾಯಿ ಸಾಕಾ, ಇನ್ನೆರಡು ಕೀಳಿಸ್ಬೇಕಾ ಎಂದು ಕೇಳಿದ್ದು ನನಗೆ ಕೇಳಿಸಿತು. ಕಳೆದ ವರ್ಷ ಪಾದ್ರಿಗಳು ಆಶೀರ್ವದಿಸಿದ ತೆನೆಯ ನಿನ್ನ ಪಾಲಿನ ಕಾಳುಗಳನ್ನು ಮಮ್ಮಿ ಕಾಗದದಲ್ಲಿ ಕಟ್ಟಿ ಗುಟ್ಟಾಗಿ ನನ್ನ ಕೈಯಲ್ಲಿ ಕಳುಹಿಸಿದ್ದಳು. ನೀನು ಅದನ್ನು ನಿಂತಲ್ಲೇ ಬಾಯಿಗೆ ಹಾಕಿ, ಮುಖ ತಿರುಗಿಸಿ ಒಲೆ ಒರೆಸಿದೆ. ಒಲೆ ಸ್ವಚ್ಛವಾಗಿಯೇ ಇತ್ತು. ಈ ವರ್ಷ ನಾನು ಕಾಳು ಹೊರುವುದಿಲ್ಲ. ಬಂದು ಎಲೆಯ ಮುಂದೆ ಕುಳಿತು ಉಣ್ಣು.

ಇದು ಕರೆಯೋ ಅಲ್ಲವೋ ಎಂದು ನೀನೂ ಭಾವನೂ ಕಾನೂನು ಪುಸ್ತಕ ತೆರೆಯಬೇಡಿ. ಪಪ್ಪನಿಗೆ ಇದಕ್ಕಿಂತ ಸ್ಪಷ್ಟವಾಗಿ ಕರೆಯಲು ಬರುವುದಿಲ್ಲ. ಹಲ್ಲು ಇದ್ದಾಗಲೂ ಬರುತ್ತಿರಲಿಲ್ಲ.

ದಿಂಬಿನ ಚೀಲಗಳ ನಡುವಿನಿಂದ,
ನಿನ್ನ ತಮ್ಮನೂ ಸದ್ಯದ ಖೈದಿಯೂ ಆದ
ಕೀತ್

ಮರೆತ ಮಾತು: ಕಾಗದ ಮಡಚುವ ಮೊದಲು ಅಂಗಡಿಗೆ ಇಣುಕಿ ಬಂದೆ. ಭಾವನ ಅಂಗಿಯ ಕಾಲರು, ಭುಜ, ತೋಳು ಎಲ್ಲದರ ಅಳತೆಯನ್ನು ಪಪ್ಪ ಗುರುವಾರವೇ ಟೇಪು ಹಿಡಿದು ತೆಗೆದಿದ್ದರು. ಏಕೆಂದು ಈಗ ತಿಳಿಯಿತು. ಮದುಮಗಂದಿರಿಗೆ ಮಾತ್ರ ತೆಗೆಯುವ ಆ ಬಿಳಿ ಬಟ್ಟೆಯಲ್ಲಿ ಒಂದು ಹೊಸ ಅಂಗಿ ಗೂಟದಲ್ಲಿ ನೇತಾಡುತ್ತಿದೆ. ಕಾಲರು ಕೂತಿದೆ, ಕಾಜ ಎಲ್ಲ ಆಗಿದೆ, ಬಟನ್ ಒಂದೂ ಇಲ್ಲ. ನನ್ನ ಕೈ ಈಗ ಪಳಗಿದೆಯಲ್ಲ, ಹಾಕಿಬಿಡುವ ಎಂದು ಸೂಜಿ ಎತ್ತಿದ್ದಕ್ಕೆ ಪಪ್ಪ ಕೈಯಿಂದ ಕಸಿದುಕೊಂಡರು. “ನೀನು ಮುಟ್ಟಬೇಡ. ಅದು ಎಡಗೈಯವಳಿಗೆ ಇಟ್ಟ ಕೆಲಸ.”